ದೇಶ ಸುತ್ತುವಾಗ ಕೋಶದ ಮನೆಗೂ ಹೋಗಿ

(ಸುಗ್ಗಿಯ ನಂತರ ಯಾತ್ರೆಗೂ ಪ್ರವಾಸಕ್ಕೂ ಹೊರಡುವ ರೈತರನ್ನು ಉದ್ದೇಶಿಸಿ ಮಾಡಿದ ಭಾಷಣ)



ಸುಗ್ಗಿ ಮುಗಿದಿದೆ. ಕಣದ ಕೆಲಸ ತೀರಿ ರಾಗಿ ಮನೆ ಸೇರಿದೆ. ಯುಗಾದಿಗೆ ಹೊನ್ನಾರು ಕಟ್ಟುವ ತನಕ ನಿಮಗೆ ಒಂದಿಷ್ಟು ಬಿಡುವು ಉಂಟು. ಈ ಬಿಡುವಿನಲ್ಲಿ ನಿಮ್ಮಲ್ಲಿ ಕೆಲವರು ಯಾತ್ರೆಗೆ ಹೊರಡುತ್ತೀರಿ. ಕೆಲವರು ಬೇರೆ ಜಿಲ್ಲೆಯ ಬೇಸಾಯ ನೋಡಿಬರಲು ಹೋಗುತ್ತೀರಿ. ಇನ್ನು ಕೆಲವರಿಗೆ ಕೋರ್ಟಿನ ವಾಯಿದೆ, ಆಸ್ಪತ್ರೆ, ಮಗಳ ಸಂಬಂಧ ಎಂದು ಪಟ್ಟಣದ ದಾರಿ ತಪ್ಪದು. ಹೀಗೆ ಹೊರಟವರಿಗೆ ಏನೇನು ನೋಡಬೇಕೆಂದು ಹೇಳುವವರು ಬಹಳ ಮಂದಿ ಇದ್ದಾರೆ. ಗುಡಿ, ಅರಮನೆ, ಅಣೆಕಟ್ಟು ಇವನ್ನು ನೀವು ಹೇಗೂ ಬಿಡುವುದಿಲ್ಲ, ಬಿಡಲೂ ಬಾರದು. ಸಾಮಾನ್ಯವಾಗಿ ಯಾರೂ ಹೇಳದ ಒಂದು ಜಾಗವನ್ನು ನಾನು ಹೇಳಬೇಕೆಂದಿದ್ದೇನೆ. ಅದು ಸಾರ್ವಜನಿಕ ಗ್ರಂಥಾಲಯ. ಎಂದರೆ ಎಲ್ಲರ ಪುಸ್ತಕದ ಮನೆ.

ದೇಶ ಸುತ್ತು, ಇಲ್ಲವೇ ಕೋಶ ಓದು ಎಂದು ಹಿರಿಯರು ಹೇಳಿದರು. ಸುತ್ತಲಾರದವನು ಓದಲಿ, ಓದಲಾರದವನು ಸುತ್ತಲಿ ಎಂಬುದು ಅವರ ಭಾವ ಇರಬಹುದು. ಒಂದೇ ಬಸ್ ಚಾರ್ಜಿನಲ್ಲಿ ಎರಡೂ ಆಗುವುದಾದರೆ ಬೇಡವೆನ್ನುವ ರೈತನುಂಟೇ?

ಇಷ್ಟು ಹೇಳಿದ ಕೂಡಲೇ ಕೆಲವರು ಕೇಳುವುದುಂಟು: "ಸ್ವಾಮಿ, ಅದು ಓದಿದವರು ಹೋಗುವ ಜಾಗ. ನಮ್ಮ ಕಾಲಿನ ಮಣ್ಣು, ಹೆಗಲ ಮೇಲಿನ ಟವಲು ನೋಡಿ ಒಳಕ್ಕೆ ಬಿಟ್ಟಾರೆಯೇ?" ಈ ಅಳುಕೇ ನಮ್ಮನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿರುವುದು. ಬೇರೆ ಯಾವ ಕಾವಲುಗಾರನೂ ಅಲ್ಲಿಲ್ಲ. ನಿಮ್ಮ ಮನೆಯ ಕಂದಾಯದ ರಸೀದಿಯನ್ನು ತೆಗೆದು ಸ್ವಲ್ಪ ನೋಡಿ. ಕಂದಾಯದ ಜೊತೆಗೆ ಆರೋಗ್ಯ, ಶಿಕ್ಷಣ ಎಂದು ಬೇರೆ ಬೇರೆ ಉಪಕರಗಳನ್ನು ಹಾಕಿರುತ್ತಾರೆ. ಅವುಗಳಲ್ಲಿ ಗ್ರಂಥಾಲಯ ಉಪಕರವೆಂಬುದು ಒಂದು. ನೂರು ರೂಪಾಯಿ ಕಂದಾಯಕ್ಕೆ ಆರು ರೂಪಾಯಿ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯಗಳ ಕಾನೂನು 1965ರಲ್ಲಿ ಆಯಿತು. 1966ರ ನವೆಂಬರ್ 1ರಿಂದ ಜಾರಿಗೆ ಬಂತು. ಈ ಉಪಕರ ಅದರ ಫಲ. ಓದುವವನೂ ಕೊಡುತ್ತಾನೆ, ಓದದವನೂ ಕೊಡುತ್ತಾನೆ. ಕೊಟ್ಟ ಮೇಲೆ ಒಳಗೆ ಹೋಗಿ ಕೂಡುವುದಕ್ಕೆ ಸಂಕೋಚವೇಕೆ? ನೀರಿನ ತೆರಿಗೆ ಕಟ್ಟಿ, ನಾಲೆಯ ನೀರನ್ನು ಗದ್ದೆಗೆ ಹಾಯಿಸದೆ ಬಿಡುವವರುಂಟೇ?

ಮೊದಲು ಬೆಂಗಳೂರಿನ ಮಾತು. ಅಲ್ಲಿಗೆ ಹೋಗದವರು ನಿಮ್ಮಲ್ಲಿ ಕಡಮೆ. ಹೈಕೋರ್ಟಿಗೆಂದೋ ವಿಧಾನಸೌಧದ ಕಚೇರಿಗೆಂದೋ ಹೋದರೆ, ಮೂರು ಗಂಟೆಯ ಮೇಲೆ ಬನ್ನಿ ಎಂದು ಹೇಳಿ ಕಳಿಸುವುದು ವಾಡಿಕೆ. ಆಗ ನಮ್ಮವರು ಕಬ್ಬನ್ ಪಾರ್ಕಿನ ಮರದ ನೆರಳಲ್ಲಿ ಕಡಲೆಕಾಯಿ ಸುಲಿಯುತ್ತಾ ಹೊತ್ತು ಕಳೆಯುತ್ತಾರೆ. ಅದೇ ಪಾರ್ಕಿನೊಳಗೆ, ಹೈಕೋರ್ಟಿನ ಹಿಂಭಾಗದಿಂದ ಸ್ವಲ್ಪವೇ ನಡೆದರೆ, ಸಾಲುಕಂಬಗಳ ಒಂದು ಕೆಂಪು ಕಟ್ಟಡ ಕಾಣುತ್ತದೆ. ಅದು ಶೇಷಾದ್ರಿ ಅಯ್ಯರ್ ಸ್ಮಾರಕ ಭವನ. ರಾಜ್ಯ ಕೇಂದ್ರ ಗ್ರಂಥಾಲಯ ಇರುವುದು ಅದರಲ್ಲಿ. ಮುಂದೆ ನಿಂತಿರುವ ಪ್ರತಿಮೆ ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರದು. ಹಿರಿಯೂರು ಕಡೆಯವರು ಅವರಿಗೆ ಒಂದು ನಮಸ್ಕಾರ ಹೆಚ್ಚಾಗಿಯೇ ಹಾಕಬಹುದು. ಮಾರಿಕಣಿವೆಯ ಕಟ್ಟೆಗೆ ಕೈಹಾಕಿದ್ದು ಅವರ ಕಾಲದಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ಅವಧಿಯಲ್ಲಿ ಬೆಂಗಳೂರಿಗೂ ಮೈಸೂರಿಗೂ ಸಾರ್ವಜನಿಕ ಗ್ರಂಥಾಲಯಗಳು ಬಂದುವು. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿಸಲು ಹೆಣಗುತ್ತಿದ್ದವರು ಪುಸ್ತಕದ ಮನೆಯನ್ನೂ ಮರೆಯಲಿಲ್ಲ.

ಒಳಗೆ ಹೋಗಿ ಏನು ಕೇಳಬೇಕು? ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಊರ ಕೆರೆ ಏರಿಯ ಮೇಲೆ, ಇಲ್ಲವೇ ಗುಡಿಯ ಮುಂದೆ, ಅಕ್ಷರ ಕೆತ್ತಿದ ಕಲ್ಲು ಇದ್ದರೂ ಇದ್ದೀತು. ಮಕ್ಕಳು ಅದರ ಮೇಲೆ ಆಡುತ್ತಾರೆ, ದನ ಮೈ ಉಜ್ಜುತ್ತದೆ, ಕೆಲವರು ಅದರ ಕೆಳಗೆ ನಿಧಿ ಇದೆ ಎಂದು ಅಗೆದು ನೋಡುತ್ತಾರೆ. ನಿಧಿ ಕೆಳಗಿಲ್ಲ, ಕಲ್ಲಿನ ಮೇಲೇ ಇದೆ. ಬಿ. ಎಲ್. ರೈಸ್ ಎಂಬ ಮಹನೀಯರು ಹಳೆಯ ಮೈಸೂರು ಸಂಸ್ಥಾನದ ಇಂಥ ಸಾವಿರಾರು ಶಾಸನಗಳನ್ನು ಓದಿಸಿ, ಜಿಲ್ಲೆವಾರು, ತಾಲ್ಲೂಕುವಾರು ವಿಂಗಡಿಸಿ ಅಚ್ಚು ಹಾಕಿಸಿದರು. ಎಪಿಗ್ರಾಫಿಯಾ ಕರ್ನಾಟಿಕಾ ಎಂದು ಅದರ ಹೆಸರು. ಮೊದಲನೆಯ ಸಂಪುಟ 1886ರಲ್ಲಿ ಬಂತು. ಅದರಲ್ಲಿ ಶಾಸನದ ಪಾಠವನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದವರು ಅದನ್ನು ಪರಿಷ್ಕರಿಸಿ ಮತ್ತೆ ಹೊರತಂದರು. ಮುಂಬಯಿ ಕರ್ನಾಟಕದ ಕಡೆಯ ಶಾಸನಗಳು ದಕ್ಷಿಣ ಭಾರತದ ಶಾಸನಗಳೆಂಬ ಬೇರೊಂದು ಮಾಲೆಯಲ್ಲಿವೆ. ನಿಮ್ಮ ತಾಲ್ಲೂಕಿನ ಹೆಸರು ಹೇಳಿ ಆ ಸಂಪುಟವನ್ನು ಕೇಳಿ. ಊರಿನ ಹೆಸರು ಸಿಕ್ಕರೆ, ಕೆರೆ ಕಟ್ಟಿಸಿದವರು ಯಾರು, ತೂಬು ಇಡಿಸಿದವರು ಯಾರು, ಏರಿಯ ದುರಸ್ತಿಗೆಂದು ಎಷ್ಟು ಗದ್ದೆಯನ್ನು ಕಟ್ಟುಕೊಡಗೆಯಾಗಿ ಬಿಟ್ಟರು ಎಂಬ ಸಂಗತಿ ಅಲ್ಲಿ ಇರಬಹುದು. ಆ ಗದ್ದೆ ಈಗ ಯಾರ ಖಾತೆಯಲ್ಲಿದೆ ಎಂದು ಮಾತ್ರ ನನ್ನನ್ನು ಕೇಳಬೇಡಿ. ಆದರೆ ಕೆರೆಯ ಹೂಳೆತ್ತುವ ಮಾತು ಗ್ರಾಮಸಭೆಯಲ್ಲಿ ಬಂದಾಗ, ನಮ್ಮ ಹಿರಿಯರು ಹೀಗೆ ಮಾಡಿದ್ದರು ಎಂದು ಆ ಪುಟವನ್ನು ಓದಿ ಹೇಳಿದರೆ ಸಭೆಯ ಬಾಯಿ ಮುಚ್ಚುತ್ತದೆ, ಕಿವಿ ತೆರೆಯುತ್ತದೆ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಮಂಡ್ಯ ಜಿಲ್ಲೆಯ ಪಾಂಡವಪುರದ ಹತ್ತಿರ ಹರಳಹಳ್ಳಿ ಎಂಬ ಊರಿದೆ. ಮೇಲುಕೋಟೆಗೆ ಹೋಗುವವರಿಗೆ ಇದು ಹೆಚ್ಚು ಸುತ್ತಲ್ಲ. ಇಲ್ಲಿ ಅಂಕೇಗೌಡರ ಪುಸ್ತಕದ ಮನೆ ಇದೆ. ಈ ಗೌಡರು ರೈತ ಕುಟುಂಬದವರು. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಆಮೇಲೆ ಕನ್ನಡದಲ್ಲಿ ಎಂ. ಎ. ಓದಿದರು, ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ಹಲವು ವರ್ಷ ದುಡಿದರು. ದುಡಿದ ಸಂಬಳದಲ್ಲಿ ಹೆಚ್ಚಿನ ಪಾಲು ಪುಸ್ತಕಕ್ಕೆ ಹೋಯಿತು. ಅದೂ ಸಾಲದೆ ಮೈಸೂರಿನಲ್ಲಿದ್ದ ಆಸ್ತಿಯನ್ನೂ ಮಾರಿ ಪುಸ್ತಕ ಕೊಂಡರು. ಇಂಥ ಗಂಡನ ಜೊತೆ ಸಂಸಾರ ನಡೆಸಿದ ಆ ತಾಯಿಯನ್ನೂ ಇಲ್ಲಿ ನೆನೆಯಬೇಕು. ಈಗ ಅಲ್ಲಿರುವ ಪುಸ್ತಕಗಳನ್ನು ಇಪ್ಪತ್ತು ಲಕ್ಷದ ಲೆಕ್ಕದಲ್ಲಿ ಹೇಳುತ್ತಾರೆ. 2026ರಲ್ಲಿ ಅವರ ಹೆಸರು ಪದ್ಮಶ್ರೀ ಪ್ರಶಸ್ತಿಯ ಪಟ್ಟಿಯಲ್ಲಿ ಬಂತು.

ಅಲ್ಲಿ ಹೋದವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀಟಾದ ಕಪಾಟು, ಅಕ್ಷರಕ್ರಮದ ಪಟ್ಟಿ ಇವನ್ನು ನಿರೀಕ್ಷಿಸಿ ಹೋಗಬೇಡಿ. ಕಪಾಟು ಸಾಲದೆ ಪುಸ್ತಕಗಳು ನೆಲದ ಮೇಲೆ, ಕಣದಲ್ಲಿ ಕಾಳು ರಾಶಿ ಹಾಕಿದಂತೆ ಬಿದ್ದಿವೆ. ಬೇಕಾದ ಪುಸ್ತಕವನ್ನು ಹುಡುಕಿ ತೆಗೆಯುವುದು ಕಷ್ಟವೇ. ಒಬ್ಬ ಮನುಷ್ಯನ ಕೈಗೆ ಮೀರಿದ ಕೆಲಸವದು. ಪಟ್ಟಿ ಮಾಡಿಕೊಡಲು ಓದಿದ ತರುಣರು ನಾಲ್ಕು ದಿನ ಹೋಗಿ ಕೈ ಸೇರಿಸಿದರೆ ಒಳ್ಳೆಯದೆಂದು ನನಗೆ ತೋರುತ್ತದೆ. ನೋಡುವುದಕ್ಕೂ ಓದುವುದಕ್ಕೂ ಅಲ್ಲಿ ದುಡ್ಡಿಲ್ಲ. ಒಬ್ಬ ಕಂಡಕ್ಟರ್ ಸಂಬಳದಲ್ಲಿ ಇಷ್ಟಾಯಿತೇ ಎಂದು ಕಣ್ಣಾರೆ ಕಂಡ ಮೇಲೆ, ನಮ್ಮ ಊರಿಗೆ ನೂರು ಪುಸ್ತಕ ತರಿಸಲು ಹಣವಿಲ್ಲ ಎಂಬ ಮಾತು ಬಾಯಿಗೆ ಬರುವುದು ಕಷ್ಟ.

ಮೈಸೂರಿನಲ್ಲಿ ಅರಮನೆ ನೋಡಿದ ಮೇಲೆ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ವಿಚಾರಿಸಿ. 1891ರಲ್ಲಿ ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಲ್ಲಿ ಆರಂಭವಾದದ್ದು. ಇದು ವಿದ್ವಾಂಸರ ಜಾಗ. ಓಲೆಗರಿ ಗ್ರಂಥಗಳನ್ನು ನೋಡಲು ಅಪ್ಪಣೆ ಬೇಕು. ಇಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಓಲೆಗರಿಯ ಒಂದು ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅಚ್ಚು ಮಾಡಿಸಿದರು. ಅಲ್ಲಿಯ ತನಕ ಆ ಗ್ರಂಥದ ಹೆಸರು ಕೇಳಿದವರಿದ್ದರೇ ಹೊರತು, ಪೂರ್ಣವಾಗಿ ಓದಲು ಸಿಕ್ಕಿರಲಿಲ್ಲ. ಅರ್ಥಶಾಸ್ತ್ರವೆಂದರೆ ರಾಜರಿಗೆ ಮಾತ್ರ ಎಂದು ತಿಳಿಯಬೇಡಿ. ಬೇಸಾಯದ ಅಧಿಕಾರಿ ಏನೇನು ಮಾಡಬೇಕೆಂದು ಅದರಲ್ಲಿ ಒಂದು ಅಧ್ಯಾಯವೇ ಉಂಟು. ಯಾವ ಸೀಮೆಗೆ ಎಷ್ಟು ಮಳೆ ಬೀಳುತ್ತದೆ, ಯಾವ ಬೀಜ ಮುಂಚೆ, ಯಾವುದು ತಡವಾಗಿ ಬಿತ್ತಬೇಕು ಎಂಬ ವಿಚಾರವಿದೆ. ಕಬ್ಬಿನ ಬಿತ್ತನೆ ತುಂಡುಗಳ ಕಡಿದ ತುದಿಗೆ ಜೇನು, ತುಪ್ಪ, ಹಂದಿಯ ಕೊಬ್ಬು, ಸಗಣಿ ಇವುಗಳನ್ನು ಬೆರೆಸಿ ಬಳಿಯಬೇಕೆಂದೂ ಹೇಳಿದೆ. ಇಂದು ನಾವು ಬಿತ್ತನೆ ತುಂಡನ್ನು ಔಷಧದ ನೀರಿನಲ್ಲಿ ಅದ್ದುತ್ತೇವಲ್ಲ, ಆ ಎಚ್ಚರಿಕೆ ನಿನ್ನೆ ಮೊನ್ನೆಯದಲ್ಲ. ಉಗ್ರಾಣದ ಮುಂದೆ ಒಂದು ಮೊಳ ಅಗಲದ ಬಾಯಿಯ ಪಾತ್ರೆ ಇಟ್ಟು ಮಳೆ ಅಳೆಯಬೇಕೆಂಬ ಮಾತೂ ಆ ಗ್ರಂಥದಲ್ಲಿದೆ. ಈ ಗ್ರಂಥಕ್ಕೆ ಕನ್ನಡ ಅನುವಾದಗಳೂ ಆಗಿವೆ. ನಿಮ್ಮ ಜಿಲ್ಲಾ ಗ್ರಂಥಾಲಯದಲ್ಲೇ ಕೇಳಬಹುದು.

ಆ ಓಲೆಗರಿಯ ಕಟ್ಟನ್ನು ಮೈಸೂರಿಗೆ ತಂದುಕೊಟ್ಟವರು ತಂಜಾವೂರು ಸೀಮೆಯ ಒಬ್ಬ ಪಂಡಿತರು. ಕುಂಭಕೋಣ, ರಾಮೇಶ್ವರದ ಯಾತ್ರೆಗೆ ಹೊರಟ ನಮ್ಮವರು ತಂಜಾವೂರಿನಲ್ಲಿ ದೊಡ್ಡ ಗುಡಿ ನೋಡಿ ಬಸ್ಸು ಹತ್ತಿಬಿಡುತ್ತಾರೆ. ಒಂದು ಗಂಟೆ ತಡೆದು ಅರಮನೆಯ ಆವರಣದ ಸರಸ್ವತಿ ಮಹಲ್ ನೋಡಿ. ನಾಯಕ ಅರಸರ ಕಾಲದಲ್ಲಿ ಬೆಳೆದ ಪುಸ್ತಕ ಭಂಡಾರ ಅದು. ಅದನ್ನು ನಿಜವಾಗಿ ತುಂಬಿಸಿದವರು 1798ರಿಂದ 1832ರ ತನಕ ಇದ್ದ ಮರಾಠಾ ಅರಸು ಎರಡನೆಯ ಸರಫೋಜಿ. ಈ ದೊರೆ 1820ರ ಸುಮಾರಿಗೆ ಕಾಶಿಯಾತ್ರೆಗೆ ಹೋದಾಗ ಪಂಡಿತರನ್ನು ನೇಮಿಸಿ, ಕೊಳ್ಳಬಹುದಾದ ಗ್ರಂಥಗಳನ್ನು ಕೊಳ್ಳಿಸಿ, ಕೊಡಲಾರೆವು ಎಂದವರ ಗ್ರಂಥಗಳನ್ನು ನಕಲು ಬರೆಸಿ ತಂದರು. ಕಾಶಿಯಿಂದ ಗಂಗೆ ತರುವವರು ಬಹಳ. ಪುಸ್ತಕ ತಂದವರು ಅಪರೂಪ. ಕುದುರೆಯ ಲಕ್ಷಣ, ಆನೆಯ ರೋಗ, ಮನುಷ್ಯರ ವೈದ್ಯ ಎಲ್ಲಕ್ಕೂ ಅಲ್ಲಿ ಗ್ರಂಥಗಳುಂಟು; ಕೆಲವನ್ನು ಅಲ್ಲಿಯವರೇ ಅಚ್ಚು ಹಾಕಿಸಿದ್ದಾರೆ. ಅರಸರ ಸೊತ್ತಾಗಿದ್ದ ಈ ಭಂಡಾರ 1918ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಯಾತ್ರಿಕರು ನೋಡುವುದಕ್ಕೆಂದೇ ಪ್ರದರ್ಶನದ ಭಾಗವಿದೆ.

ಅದೇ ಸೀಮೆಯ ಮನ್ನಾರ್‌ಗುಡಿಯ ಸಂಗತಿ ಕೇಳಿದರೆ ನಿಮಗೆ ಇನ್ನೂ ಸಂತೋಷವಾದೀತು. ರಾಜಗೋಪಾಲಸ್ವಾಮಿಯ ದರ್ಶನಕ್ಕೆ ಹೋಗುವ ಊರದು. 1931ರ ಅಕ್ಟೋಬರ್ 21ರಂದು ಅಲ್ಲಿ ಒಂದು ಎತ್ತಿನ ಗಾಡಿ ಹೊರಟಿತು. ಗಾಡಿಯಲ್ಲಿ ಭತ್ತವಿರಲಿಲ್ಲ, ಗೊಬ್ಬರವಿರಲಿಲ್ಲ, ಪುಸ್ತಕಗಳಿದ್ದುವು. ಎಸ್. ವಿ. ಕನಕಸಭೈ ಪಿಳ್ಳೆ ಎಂಬ ಇಂಜಿನಿಯರು ಮಾಡಿಸಿಕೊಟ್ಟ ಗಾಡಿ. ಅದು ಹಳ್ಳಿಯಿಂದ ಹಳ್ಳಿಗೆ ಸರದಿಯ ಮೇಲೆ ಹೋಗಿ ಪುಸ್ತಕ ಕೊಟ್ಟು, ಮತ್ತೆ ಬಂದು ವಾಪಸು ಪಡೆಯುತ್ತಿತ್ತು. ಬಸ್ಸು ಹೋಗದ ಊರಿಗೂ ಎತ್ತು ಹೋಗುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾದ್ದಿಲ್ಲ. ಅದನ್ನು ಉದ್ಘಾಟಿಸಿದವರು ಎಸ್. ಆರ್. ರಂಗನಾಥನ್. ನಮ್ಮ ದೇಶದಲ್ಲಿ ಗ್ರಂಥಾಲಯವನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರು ಅವರೇ. ಪುಸ್ತಕ ಇರುವುದು ಬೀಗ ಹಾಕಿ ಕಾಯುವುದಕ್ಕಲ್ಲ, ಬಳಸುವುದಕ್ಕೆ ಎಂಬುದು ಅವರ ಶಾಸ್ತ್ರದ ಮೊದಲ ತತ್ತ್ವ. ಅವರು 1957ರಲ್ಲಿ ಬೆಂಗಳೂರಿಗೆ ಬಂದು ನೆಲಸಿ, 1972ರಲ್ಲಿ ಅಲ್ಲಿಯೇ ತೀರಿಕೊಂಡರು.

ಮದರಾಸಿನಲ್ಲಿ, ಈಗಿನ ಚೆನ್ನೈಯಲ್ಲಿ, ಎಗ್ಮೂರಿನ ಮ್ಯೂಸಿಯಂ ಆವರಣದಲ್ಲೇ ಕನ್ನಿಮರಾ ಸಾರ್ವಜನಿಕ ಗ್ರಂಥಾಲಯವಿದೆ, 1896ರಲ್ಲಿ ತೆರೆದದ್ದು. ಬಳ್ಳಾರಿಯವರೂ ದಕ್ಷಿಣ ಕನ್ನಡದವರೂ ಆಗ ಮದರಾಸು ಪ್ರಾಂತ್ಯಕ್ಕೇ ಸೇರಿದ್ದವರು. 1954ರ ಒಂದು ಕಾನೂನಿನಂತೆ ನಮ್ಮ ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಈ ಗ್ರಂಥಾಲಯಕ್ಕೂ, ಕಲ್ಕತ್ತ, ಮುಂಬಯಿ, ದೆಹಲಿಗಳ ಒಂದೊಂದು ಗ್ರಂಥಾಲಯಕ್ಕೂ ಕಳಿಸತಕ್ಕದ್ದು. ಎಲ್ಲ ಪ್ರಕಾಶಕರೂ ಕಳಿಸುವುದಿಲ್ಲವೆಂಬುದು ಬೇರೆ ಮಾತು. ಧಾರವಾಡದಲ್ಲಿ ಅಚ್ಚಾದ ಜೋಳದ ಬೇಸಾಯದ ಪುಸ್ತಕಕ್ಕೂ ಅಲ್ಲಿ ಜಾಗ ಉಂಟು. ಅಷ್ಟು ದೂರ ಹೋಗಿ ಕನ್ನಡ ಪುಸ್ತಕ ಕೊಡಿ ಎಂದು ಕೇಳಿ ನೋಡಿ. ಕೇಳುವವರಿದ್ದರೆ ಕಪಾಟಿನ ಧೂಳೂ ಹಾರುತ್ತದೆ.

ಉತ್ತರ ದೇಶಕ್ಕೆ ಹೋಗುವವರಿಗೆ ಮೂರು ಊರು ಹೇಳಿ ಮುಗಿಸುತ್ತೇನೆ. ಕಲ್ಕತ್ತೆಯ ಬೆಲ್ವೆಡೇರ್‌ನಲ್ಲಿರುವ ರಾಷ್ಟ್ರೀಯ ಗ್ರಂಥಾಲಯ 1953ರ ಫೆಬ್ರವರಿ 1ರಂದು ಸಾರ್ವಜನಿಕರಿಗೆ ತೆರೆಯಿತು. ಆಗ ಅದರ ಮುಖ್ಯಸ್ಥರಾಗಿದ್ದವರು ಬಳ್ಳಾರಿ ಶಾಮಣ್ಣ ಕೇಶವನ್, ಹಿಂದೆ ಮೈಸೂರಿನಲ್ಲಿ ಅಧ್ಯಾಪಕರಾಗಿದ್ದವರು. ದೆಹಲಿ ಸಾರ್ವಜನಿಕ ಗ್ರಂಥಾಲಯವಂತೂ ಹಳೆಯ ದೆಹಲಿ ರೈಲು ನಿಲ್ದಾಣದ ಎದುರಿಗೇ ಇದೆ. ರೈಲಿಗೆ ಹೊತ್ತಿದ್ದರೆ ಗಂಟುಮೂಟೆಯನ್ನು ಜೊತೆಯವರಿಗೆ ಒಪ್ಪಿಸಿ ನೋಡಿಬರಬಹುದು. ಯುನೆಸ್ಕೋ ಸಂಸ್ಥೆಯ ನೆರವಿನಿಂದ ಆದ ಅದನ್ನು 1951ರ ಅಕ್ಟೋಬರ್ 27ರಂದು ಪಂಡಿತ ನೆಹರೂ ತೆರೆದರು.

ಮೂರನೆಯದು ದ್ವಾರಕೆಯ ಯಾತ್ರೆಯವರಿಗೆ ದಾರಿಯಲ್ಲಿ ಸಿಗುವ ಬರೋಡ, ಈಗಿನ ವಡೋದರ. ಅಲ್ಲಿಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1906ರಲ್ಲಿ ರಾಜ್ಯಕ್ಕೆಲ್ಲ ಕಡ್ಡಾಯ ಶಿಕ್ಷಣ ತಂದರು. ಶಾಲೆ ಬಿಟ್ಟ ಹುಡುಗ ನಾಲ್ಕು ವರ್ಷದಲ್ಲಿ ಅಕ್ಷರ ಮರೆತರೆ ಏನು ಫಲ ಎಂದು ಯೋಚಿಸಿ, 1910ರಲ್ಲಿ ಅಮೆರಿಕದಿಂದ ಬೋರ್ಡನ್ ಎಂಬ ತಜ್ಞರನ್ನು ಕರೆಸಿ ಊರೂರಿಗೆ ಗ್ರಂಥಾಲಯ ಹಬ್ಬಿಸಿದರು. ಅವರ ಏರ್ಪಾಡು ನೀವು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಹಳ್ಳಿಯವರು ಒಂದು ಪಾಲು ಹಣ ಕೂಡಿಸಿದರೆ, ಪ್ರಾಂತ ಪಂಚಾಯಿತಿ ಅಷ್ಟೇ ಕೊಡುವುದು, ಸರ್ಕಾರ ಅಷ್ಟೇ ಕೊಡುವುದು. ಹಳ್ಳಿಯವರೇ ಮೊದಲು ಕೈ ಹಾಕಬೇಕು. ಗ್ರಂಥಾಲಯ ಇಲ್ಲದ ಊರಿಗೆ ಮರದ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಕಳಿಸುತ್ತಿದ್ದರು. ಓದಿಯಾದ ಮೇಲೆ ಪೆಟ್ಟಿಗೆ ಹಿಂದಕ್ಕೆ, ಬೇರೆ ಪೆಟ್ಟಿಗೆ ಮುಂದಕ್ಕೆ. ಅಲ್ಲಿಯ ಕೇಂದ್ರ ಗ್ರಂಥಾಲಯದಲ್ಲಿ ಕಪಾಟುಗಳು ಕಬ್ಬಿಣದವು, ಮಹಡಿಯ ನೆಲ ಗಾಜಿನದು. ಕೆಳಗಿನ ಸಾಲಿಗೂ ಬೆಳಕು ಇಳಿಯಲಿ ಎಂದು.

ಇನ್ನು ಒಳಗೆ ಹೋಗುವ ಕ್ರಮ. ಎಲೆ ಅಡಿಕೆಯನ್ನು ಹೊರಗೇ ಮುಗಿಸಿ. ಚೀಲವನ್ನು ಬಾಗಿಲ ಬಳಿ ಇಡಿ, ಪುಸ್ತಕದಲ್ಲಿ ರುಜು ಹಾಕಿ, ಫೋನಿನ ಸದ್ದು ನಿಲ್ಲಿಸಿ. ಕೂತು ಓದುವುದಕ್ಕೆ ಸಾರ್ವಜನಿಕ ಗ್ರಂಥಾಲಯದಲ್ಲಿ ಸದಸ್ಯರಾಗಬೇಕಾದ್ದಿಲ್ಲ. ಮನೆಗೆ ತರಬೇಕಾದರೆ ಸದಸ್ಯತ್ವ ಬೇಕು. ಸುಮ್ಮನೆ ಕಪಾಟಿನ ಮುಂದೆ ನಿಂತರೆ ಸಂತೆಗೆ ಪಟ್ಟಿಯಿಲ್ಲದೆ ಹೋದಂತಾಗುತ್ತದೆ. ಊರಿನಿಂದಲೇ ಒಂದು ಪ್ರಶ್ನೆ ಒಯ್ಯಿರಿ. ತೆಂಗಿಗೆ ಕಪ್ಪುತಲೆ ಹುಳು ಬಿದ್ದಿದೆಯೇ? ಕುರಿಗೆ ನೀಲಿ ನಾಲಿಗೆ ರೋಗವೇ? ಅದನ್ನು ಚೀಟಿಯಲ್ಲಿ ಬರೆದು ಗ್ರಂಥಪಾಲಕರ ಕೈಗೆ ಕೊಡಿ. ಓದು ಬಾರದ ಹಿರಿಯರು ಮಗಳನ್ನೋ ಮೊಮ್ಮಗನನ್ನೋ ಜೊತೆಗೆ ಕರೆದುಕೊಂಡು ಹೋಗಿ, ಬೇಕಾದ ಪುಟವನ್ನು ಹೊರಗಿನ ಮೆಟ್ಟಿಲ ಮೇಲೆ ಹೇಳಿಸಿಕೊಳ್ಳಿ.

ಬೇಸಾಯದ ಪುಸ್ತಕ ಕೈಗೆ ಬಂದರೆ ಮೊದಲು ಅದು ಅಚ್ಚಾದ ವರ್ಷ ನೋಡಿ. ಇದು ಬಹಳ ಮುಖ್ಯ. ಹಳೆಯ ಪುಸ್ತಕದಲ್ಲಿ ಭೂಮಿಯ ಗುಣ, ಮಳೆ, ನಾಟಿ ತಳಿಗಳ ವಿಚಾರ ಇಂದಿಗೂ ಕೆಲಸಕ್ಕೆ ಬರುತ್ತದೆ. ಆದರೆ ಔಷಧದ ಹೆಸರುಗಳನ್ನು ಹಾಗೆಯೇ ಬರೆದುಕೊಂಡು ಅಂಗಡಿಗೆ ಹೋಗಬೇಡಿ. ಒಂದು ಕಾಲಕ್ಕೆ ಎಲ್ಲ ಹುಳುವಿಗೂ ಎಂಡೋಸಲ್ಫಾನ್ ಎನ್ನುತ್ತಿದ್ದರು. ದಕ್ಷಿಣ ಕನ್ನಡದ ಗೇರುತೋಟಗಳ ಸುತ್ತಿನ ಹಳ್ಳಿಗಳು ಪಟ್ಟ ಪಾಡು ನಿಮಗೆ ತಿಳಿದದ್ದೇ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿತು. ಆ ಹೆಸರು ಅಚ್ಚಾದ ಪುಟಗಳು ಕಪಾಟುಗಳಲ್ಲಿ ಇನ್ನೂ ಇವೆ. ಔಷಧದ ಮಾತನ್ನು ಕೃಷಿ ಇಲಾಖೆಯವರನ್ನು ಕೇಳಿಯೇ ತೀರ್ಮಾನಿಸಬೇಕು.

ಊರಿಗೆ ಮರಳಿದ ಮೇಲೆ ನಿಮ್ಮ ಪಂಚಾಯಿತಿಯ ಗ್ರಂಥಾಲಯದ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ, ಯಾರು ಬರುತ್ತಾರೆ ಎಂದು ಒಮ್ಮೆ ನೋಡಿ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದುವು. ಈಗ ಅರಿವು ಕೇಂದ್ರವೆಂದು ಕರೆಯುತ್ತಾರೆ. 2020ರ ನವೆಂಬರಿನಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಮಕ್ಕಳು ಹೋಗುತ್ತಿದ್ದಾರೆ, ಸಂತೋಷ. ದೊಡ್ಡವರು ಪತ್ರಿಕೆ ಮಗುಚಿ ಎದ್ದುಬರುತ್ತಾರೆ. ಪ್ರವಾಸದಲ್ಲಿ ಕಂಡ ಒಳ್ಳೆಯ ಪುಸ್ತಕದ ಹೆಸರು, ಬರೆದವರು, ಅಚ್ಚು ಹಾಕಿಸಿದವರು ಇಷ್ಟನ್ನು ಬರೆದುತಂದು, ಇದು ನಮ್ಮೂರಿಗೆ ಬೇಕು ಎಂದು ಅರ್ಜಿ ಕೊಡಿ. ಒಬ್ಬರು ಕೊಟ್ಟರೆ ಕಡತದಲ್ಲಿ 'ನೋಡೋಣ' ಎಂದಾಗುತ್ತದೆ. ಗ್ರಾಮಸಭೆಯಲ್ಲಿ ಹತ್ತು ಮಂದಿ ಕೇಳಿದರೆ ಠರಾವಿನಲ್ಲಿ ಬರೆಯಲೇಬೇಕಾಗುತ್ತದೆ.

ಹೊರಡುವ ಮುನ್ನ ಚೀಲದಲ್ಲಿ ಒಂದು ಸಣ್ಣ ನೋಟ್‌ಬುಕ್, ಒಂದು ಪೆನ್ನು ಇರಲಿ. ನಲವತ್ತು ದಾಟಿದವರು ಕನ್ನಡಕ ಮರೆಯಬೇಡಿ. ನಮ್ಮ ರಾಜ್ಯದ ಗ್ರಂಥಾಲಯಗಳಿಗೆ ಅನೇಕ ಕಡೆ ಸೋಮವಾರ ರಜೆ. ಬೇರೆ ಊರಿನಲ್ಲಿ ಬೇರೆ ದಿನ. ವಿಚಾರಿಸಿಕೊಂಡು ಹೋಗಿ.